ಬಂದೂಕಿನ ದುರ್ಬೀನು ಮತ್ತು ಯೋಸೆಫ್ ಫ್ರಾನ್‌ಹೋಫರ್

ಕಳೆದ ದೀಪಾವಳಿಯ ಸೂಟಿಯಲ್ಲಿ, ಸೈನ್ಯದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆ ಬಂದಿದ್ದನು. ಗುರಿ ಹೊಡೆಯುವ ಸ್ಪರ್ಧೆಗಳ ಮಾತು ಬಂದಾಗ ಅವನು ಒಂದು ಪ್ರಶ್ನೆಯನ್ನು ಕೇಳಿದನು. ರೈಫಲ್ಲಿನ ಮೇಲೆ ಕೂಡಿಸುವ ದುರ್ಬೀನುಗಳಲ್ಲಿ ಎರಡರ ಮೇಲೆಯೂ 3-9×40 ಎಂಬ ಒಂದೇ ಅಂಕಿಗಳಿರುತ್ತವೆ. ಆದರೆ ಒಂದರ ಬೆಲೆಗೆ ಇನ್ನೊಂದರಂಥವು ಹತ್ತು ಬರುತ್ತವೆ. ಅಂಕಿಗಳು ಒಂದೇ ಆದ ಮೇಲೆ ಬೆಲೆಯಲ್ಲಿ ಇಷ್ಟು ಅಂತರವೇಕೆ ಎಂಬುದು ಅವನ ಪ್ರಶ್ನೆ. ಅಂದು ಗಂಟೆ ಬಾರಿಸಿದ್ದರಿಂದ ನಾನು ಅರ್ಧ ಉತ್ತರ ಹೇಳಿ ತರಗತಿಗೆ ಹೋದೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದನ್ನು ಹೇಳಬೇಕಾದರೆ ಒಬ್ಬ ಅನಾಥ ಹುಡುಗನ ಕಥೆಯನ್ನೇ ಹೇಳಬೇಕಾಗುತ್ತದೆ. ಅವನ ಹೆಸರು ಯೋಸೆಫ್ ಫ್ರಾನ್‌ಹೋಫರ್.

ಮೊದಲು ಆ ಅಂಕಿಗಳ ಅರ್ಥವನ್ನು ನೋಡೋಣ. 3-9 ಎಂದರೆ ವಸ್ತುವು ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ದೊಡ್ಡದಾಗಿ ಕಾಣುವುದು ಎಂದರ್ಥ. 40 ಎಂಬುದು ಮುಂದಿನ ಮಸೂರದ ಅಗಲ, ಮಿಲಿಮೀಟರುಗಳಲ್ಲಿ. ಈ 40ನ್ನು 9ರಿಂದ ಭಾಗಿಸಿದರೆ ಸುಮಾರು 4.4 ಬರುತ್ತದೆ. ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಕಂಬದ ದಪ್ಪ ಅಷ್ಟು ಮಿಲಿಮೀಟರು. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುತ್ತದೆ. ಮುಚ್ಚಂಜೆಯಲ್ಲಿ ಐದಾರು ಮಿಲಿಮೀಟರಿಗೆ ಹಿಗ್ಗುತ್ತದೆ. ಆದುದರಿಂದ ಹಗಲಿನ ಸ್ಪರ್ಧೆಗೆ ಅಗಲವಾದ ಮಸೂರವೇ ಬೇಕೆಂದಿಲ್ಲ. ಇದಿಷ್ಟು ಅಂಕಗಣಿತ. ಆದರೆ ಮಸೂರದ ಗಾಜು ಎಂಥದು, ಅದನ್ನು ಹೇಗೆ ಉಜ್ಜಿದ್ದಾರೆ, ಎರಡು ಗಾಜುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದನ್ನು ಯಾವ ಅಂಕಿಯೂ ಹೇಳುವುದಿಲ್ಲ. ಬೆಲೆಯ ಅಂತರವೆಲ್ಲ ಇರುವುದು ಅಲ್ಲಿಯೇ. ಈ ಮೂರನ್ನೂ ಕಣ್ಣಂದಾಜಿನ ಕೆಲಸದಿಂದ ಬಿಡಿಸಿ ಅಳತೆಯ ಕೆಲಸವನ್ನಾಗಿ ಮಾಡಿದವನು ಫ್ರಾನ್‌ಹೋಫರ್.

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ಸ್ಟ್ರೌಬಿಂಗ್ ಎಂಬ ಊರಿದೆ. ಅಲ್ಲಿ 1787ನೆಯ ಮಾರ್ಚ್ 6ರಂದು ಇವನು ಹುಟ್ಟಿದನು. ತಂದೆ ಕಿಟಕಿಗಳಿಗೆ ಗಾಜು ಕೂಡಿಸುವ ಕಸಬಿನವನು. ಈ ಹುಡುಗ ಅವನ ಹನ್ನೊಂದನೆಯ ಮಗು. ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಮರು ವರ್ಷವೇ ತಂದೆಯೂ ತೀರಿಕೊಂಡನು. ಶಾಲೆಯ ಓದು ಅಲ್ಲಿಗೇ ನಿಂತಿತು. ಪಾಲಕರು ಅವನನ್ನು ಚರಕಿಯ ಮೇಲೆ ಮರ ಕಡೆಯುವವನ ಬಳಿ ಬಿಡಲು ನೋಡಿದರು. ಹುಡುಗನ ಮೈಯಲ್ಲಿ ಅಷ್ಟು ಕಸುವಿರಲಿಲ್ಲ. ಕಡೆಗೆ 1799ರಲ್ಲಿ ಮ್ಯೂನಿಕ್ ಪಟ್ಟಣದಲ್ಲಿ ಕನ್ನಡಿ ಮಾಡುವ ವೈಕ್ಸೆಲ್‌ಬೆರ್ಗರ್ ಎಂಬವನ ಕೈಕೆಳಗೆ ಇಟ್ಟರು. ಕರಾರು ಆರು ವರ್ಷದ್ದು; ಸಂಬಳವಿಲ್ಲ.

ಇಂಥ ಚಾಕರಿ ಹೇಗಿರುತ್ತದೆಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದುಡಿಯುವ ಹುಡುಗರಿಗಾಗಿ ಮ್ಯೂನಿಕ್ಕಿನಲ್ಲಿ ರವಿವಾರದ ಶಾಲೆಯೊಂದಿತ್ತು. ಅಲ್ಲಿಗೆ ಹೋಗಲು ಧಣಿ ಬಿಡಲಿಲ್ಲ. ಮಲಗುವ ಕೋಣೆಗೆ ಕಿಟಕಿ ಇರಲಿಲ್ಲ. ದೀಪ ಹಚ್ಚುವುದಕ್ಕೂ ಅಪ್ಪಣೆ ಇರಲಿಲ್ಲ. ಮಂದಿಯ ಮನೆಗೆ ಬೆಳಕು ಬರಲೆಂದು ಗಾಜು ಕೂಡಿಸುತ್ತಿದ್ದವನ ಮಗನು ಬೆಳಕಿಲ್ಲದ ಕೋಣೆಯಲ್ಲಿ ಎರಡು ವರ್ಷ ಕಳೆದನು.

1801ನೆಯ ಜುಲೈ 21ರಂದು ಆ ಮನೆ ಕುಸಿದು ಬಿದ್ದಿತು. ಧಣಿಯ ಹೆಂಡತಿ ಅದರಡಿ ಸಿಕ್ಕು ಸತ್ತಳು. ಹದಿನಾಲ್ಕು ವರ್ಷದ ಹುಡುಗನು ತೊಲೆಗಳ ನಡುವಿನ ಸಂದಿನಲ್ಲಿ ಜೀವಂತ ಉಳಿದಿದ್ದನು. ಕಲ್ಲುಮಣ್ಣನ್ನು ಎಚ್ಚರದಿಂದ ಸರಿಸಿ ಅವನನ್ನು ಹೊರತೆಗೆಯುವುದಕ್ಕೆ ಹಲವು ತಾಸು ಹಿಡಿಯಿತು. ಬವೇರಿಯಾದ ಅರಸನಾದ ಮ್ಯಾಕ್ಸಿಮಿಲಿಯನ್ ಯೋಸೆಫನು ಸುದ್ದಿ ತಿಳಿದು ತಾನೇ ಅಲ್ಲಿಗೆ ಬಂದು ನಿಂತಿದ್ದನು. ಹುಡುಗನು ಹೊರಗೆ ಬಂದ ಮೇಲೆ ಅವನಿಗೆ 18 ಬಂಗಾರದ ನಾಣ್ಯಗಳನ್ನು ಕೊಡಿಸಿದನು. ಅಂದು ಆ ಗುಂಪಿನಲ್ಲಿ ಉಟ್ಜ್‌ಶ್ನೈಡರ್ ಎಂಬ ಇನ್ನೊಬ್ಬ ಗೃಹಸ್ಥನೂ ಇದ್ದನು. ಸರಕಾರದ ದೊಡ್ಡ ಹುದ್ದೆಗಳಲ್ಲಿ ಇದ್ದು, ಉದ್ಯಮಕ್ಕೂ ಕೈಹಾಕಿದವನು. ಅವನು ಹುಡುಗನಿಗೆ ಗಣಿತ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ತಂದುಕೊಟ್ಟನು. ಅರಸನ ಹಣಕ್ಕಿಂತ ಈ ಪುಸ್ತಕಗಳೇ ಹೆಚ್ಚು ಕೆಲಸ ಮಾಡಿದವೆಂದು ನನ್ನ ಅಭಿಪ್ರಾಯ.

ಹಣವನ್ನು ಹುಡುಗನು ಹೇಗೆ ಖರ್ಚು ಮಾಡಿದನೆಂಬುದು ನೋಡತಕ್ಕ ಸಂಗತಿ. ಗಾಜು ಉಜ್ಜುವ ಒಂದು ಯಂತ್ರವನ್ನು ಕೊಂಡನು. ಉಳಿದುದನ್ನು ಧಣಿಗೆ ಕೊಟ್ಟು, ಕರಾರಿನಲ್ಲಿ ಕಡೆಗೆ ಉಳಿದಿದ್ದ ಆರು ತಿಂಗಳಿನಿಂದ ಬಿಡಿಸಿಕೊಂಡನು. ಸ್ವತಂತ್ರನಾದ ಮೇಲೆ ಹೊಟ್ಟೆ ಹೊರೆಯಲು ಭೇಟಿಚೀಟಿಗಳನ್ನು ಕೊರೆಯುವ ಕೆಲಸ ಹಿಡಿದನು. ಅದನ್ನು ಯಾರಿಂದಲೂ ಕಲಿತಿರಲಿಲ್ಲ. ಯುದ್ಧದ ದಿನಗಳು, ಭೇಟಿಚೀಟಿ ಯಾರಿಗೆ ಬೇಕು? ವ್ಯಾಪಾರ ಬಿದ್ದುಹೋಯಿತು. ತಲೆ ತಗ್ಗಿಸಿ ಮತ್ತೆ ಅದೇ ಧಣಿಯ ಬಳಿಗೆ ಕೂಲಿಗೆ ಹೋದನು. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಸೋಲನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಅನುಭವಿಸಿದವನಿಗೆ ಅದು ವರ್ಷಗಟ್ಟಲೆಯ ಮಾತಾಗಿತ್ತು.

1806ರಲ್ಲಿ ದಾರಿ ತೆರೆಯಿತು. ಉಟ್ಜ್‌ಶ್ನೈಡರನು ರೈಖೆನ್‌ಬಾಖ್ ಎಂಬ ಯಂತ್ರಕುಶಲನನ್ನೂ ಲೀಬ್‌ಹೆರ್ ಎಂಬ ಗಡಿಯಾರದವನನ್ನೂ ಜೊತೆಗೂಡಿಸಿಕೊಂಡು 1804ರಲ್ಲಿಯೇ ಮ್ಯೂನಿಕ್ಕಿನಲ್ಲಿ ಒಂದು ಕಾರ್ಖಾನೆ ತೆಗೆದಿದ್ದನು. ಜಮೀನಿನ ಮೋಜಣಿಗೆ ಬೇಕಾಗುವ ಥಿಯೋಡೊಲೈಟ್ ಮೊದಲಾದ ಉಪಕರಣಗಳನ್ನು ಅಲ್ಲಿ ಮಾಡುತ್ತಿದ್ದರು. ಮೋಜಣಿದಾರನು ಮೂರುಗಾಲಿನ ಮೇಲೆ ನಿಲ್ಲಿಸಿಕೊಂಡು ಒಂದೇ ಕಣ್ಣಿನಿಂದ ನೋಡುವ ಆ ದುರ್ಬೀನನ್ನು ನೀವು ನೋಡಿರಬಹುದು. ಅದರೊಳಗೆ ಅಡ್ಡ ಒಂದು, ಉದ್ದ ಒಂದು ಎಳೆ ಇರುತ್ತದೆ. ಎಳೆಗಳು ಕೂಡುವ ಚುಕ್ಕೆಯನ್ನು ದೂರದ ಗುರುತಿನ ಮೇಲೆ ತಂದು ಕೋನವನ್ನು ಓದುತ್ತಾರೆ. ರೈಫಲ್ಲಿನ ದುರ್ಬೀನೂ ಇದರ ಒಡಹುಟ್ಟು. ಒಂದರಲ್ಲಿ ಗುರಿಯನ್ನು ಅಳೆಯುತ್ತಾರೆ, ಇನ್ನೊಂದರಲ್ಲಿ ಹೊಡೆಯುತ್ತಾರೆ.

ಒಳ್ಳೆಯ ದುರ್ಬೀನಿಗೆ ಒಳ್ಳೆಯ ಗಾಜು ಬೇಕು. ಅಂದಿನ ಕಾಲಕ್ಕೆ ಒಳ್ಳೆಯ ಗಾಜು ಇಂಗ್ಲೆಂಡಿನಿಂದ ಬರಬೇಕಾಗಿತ್ತು. ನೆಪೋಲಿಯನ್ನನ ಯುದ್ಧಗಳಿಂದಾಗಿ ಆ ದಾರಿ ಕಟ್ಟಿತು. ಬಂದರೂ ನಾಲ್ಕು ಅಂಗುಲಕ್ಕಿಂತ ಅಗಲವಾದ, ದೋಷವಿಲ್ಲದ ತುಂಡು ಸಿಗುವುದು ಅಪರೂಪವಾಗಿತ್ತು. ಆಗ ಉಟ್ಜ್‌ಶ್ನೈಡರನು ಬೆನೆಡಿಕ್ಟ್‌ಬೊಯೆರ್ನ್ ಎಂಬ ಹಳ್ಳಿಯಲ್ಲಿ, ಸರಕಾರವು ಮುಚ್ಚಿದ್ದ ಒಂದು ಹಳೆಯ ಕ್ರೈಸ್ತ ಮಠವನ್ನು ಕೊಂಡು ಅಲ್ಲಿ ಗಾಜಿನ ಭಟ್ಟಿ ಹಾಕಿಸಿದನು. ಸ್ವಿಟ್ಸರ್ಲೆಂಡಿನಿಂದ ಗಿನಾನ್ ಎಂಬ ಅನುಭವಿ ಮುದುಕನನ್ನು ಕರೆಸಿದನು. ಫ್ರಾನ್‌ಹೋಫರನನ್ನು ಮಸೂರಗಳ ಕೆಲಸಕ್ಕೆ ಹಚ್ಚಿದನು.

ಗಾಜಿನಲ್ಲಿ ದೋಷವೆಂದರೇನು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೆಲ್ಲದ ಪಾಕವನ್ನು ನೀರಿಗೆ ಹೊಯ್ದಾಗ ಕಲಸುವ ಮೊದಲು ನೀರಿನಲ್ಲಿ ಎಳೆಎಳೆಯಾಗಿ ಏನೋ ಕಾಣುತ್ತದಲ್ಲವೇ? ಎರಡೂ ಪಾರದರ್ಶಕವೇ, ಆದರೂ ಅದರ ಮೂಲಕ ನೋಡಿದರೆ ಆಚೆಯ ವಸ್ತು ನಡುಗಿದಂತೆ ಕಾಣುತ್ತದೆ. ಕರಗಿದ ಗಾಜಿನಲ್ಲಿ ಸೀಸದ ಭಾರವಾದ ಅಂಶವು ಕೆಳಗಿಳಿದು, ಮೇಲೊಂದು ಕೆಳಗೊಂದು ಬಗೆಯ ಗಾಜಾಗಿ ಇಂಥವೇ ಎಳೆಗಳು ಉಳಿಯುತ್ತವೆ. ಗಿನಾನನು ಕಂಡುಹಿಡಿದ ಉಪಾಯ ಸರಳವಾದುದು. ಬೆಂಕಿಗೆ ಕರಗದ ಮಣ್ಣಿನಿಂದ ಮಾಡಿದ ಹುಟ್ಟಿನಿಂದ ಭಟ್ಟಿಯಲ್ಲಿಯೇ ಗಾಜನ್ನು ಕಲಕುತ್ತಿರುವುದು. ಉಪಾಯ ಸರಳ, ಕೈಗೆ ಬರುವುದು ಕಷ್ಟ. ಮಣಗಟ್ಟಲೆ ಗಾಜು ಕರಗಿಸಿದರೆ ದುರ್ಬೀನಿಗೆ ಯೋಗ್ಯವಾದದ್ದು ಕೊಂಚವೇ ಸಿಗುತ್ತಿತ್ತು.

ಮುದುಕನಿಗೂ ತರುಣನಿಗೂ ಸರಿಬರಲಿಲ್ಲ. ಗಿನಾನನು ತನ್ನ ವಿದ್ಯೆಯನ್ನು ಗುಟ್ಟಾಗಿಡಬೇಕೆನ್ನುವವನು. ಧಣಿ ಅದನ್ನು ಫ್ರಾನ್‌ಹೋಫರನಿಗೆ ಕಲಿಸಲು ಹೇಳಿದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. 1809ರಲ್ಲಿ ಇಪ್ಪತ್ತೆರಡು ವರ್ಷದ ಫ್ರಾನ್‌ಹೋಫರನೇ ಅಲ್ಲಿಯ ಕೆಲಸದ ಮುಖ್ಯಸ್ಥನಾದನು. 1814ರಲ್ಲಿ ಗಿನಾನನು ಊರಿಗೆ ಹೊರಟುಹೋದನು. ಕಥೆ ಹೇಳುವವರು ಸಾಮಾನ್ಯವಾಗಿ ಗಿನಾನನನ್ನು ಹೊಟ್ಟೆಕಿಚ್ಚಿನವನೆಂದು ತೋರಿಸುತ್ತಾರೆ. ಆದರೆ ಆ ಮುದುಕನು ಕಲಕುವ ಉಪಾಯವನ್ನು ತಾರದಿದ್ದರೆ ಫ್ರಾನ್‌ಹೋಫರನು ಉಜ್ಜುವುದಕ್ಕೆ ಗಾಜೇ ಇರುತ್ತಿರಲಿಲ್ಲ.

ಇನ್ನು ಬಣ್ಣದ ಮಾತು. ಅಗ್ಗದ ದುರ್ಬೀನಿನಲ್ಲಿ ಬಿಸಿಲು ಆಕಾಶಕ್ಕೆ ಎದುರಾಗಿರುವ ಬೇವಿನ ಟೊಂಗೆಯನ್ನು ನೋಡಿರಿ. ಟೊಂಗೆಯ ಒಂದು ಅಂಚಿಗೆ ನೇರಳೆ, ಇನ್ನೊಂದಕ್ಕೆ ಹಸಿರು ಹಳದಿ ಬಣ್ಣದ ಸೆರಗು ಕಾಣುತ್ತದೆ. ಟೊಂಗೆಗೆ ಆ ಬಣ್ಣವಿಲ್ಲ. ಪೀನಮಸೂರವು ನೀಲಿ ಬೆಳಕನ್ನು ಹೆಚ್ಚು, ಕೆಂಪು ಬೆಳಕನ್ನು ಕಡಿಮೆ ಬಾಗಿಸುವುದರಿಂದ ಎಲ್ಲ ಬಣ್ಣಗಳೂ ಒಂದೇ ಕಡೆ ಕೂಡುವುದಿಲ್ಲ. ಗುರಿಯ ಕಾಗದದ ಮೇಲಿನ ಕರಿ ವರ್ತುಲದ ಅಂಚು ಹೀಗೆ ಮಸುಕಾದರೆ ಅಂಚು ಎಲ್ಲಿದೆಯೆಂದು ಹೇಳುವುದು ಹೇಗೆ? ಇದಕ್ಕೆ ಪರಿಹಾರವನ್ನು ಇಂಗ್ಲೆಂಡಿನ ಡೊಲ್ಲೊಂಡನು 1758ರಲ್ಲಿಯೇ ಪೇಟೆಗೆ ತಂದಿದ್ದನು. ಸಾದಾ ಗಾಜಿನ ಪೀನಮಸೂರಕ್ಕೆ ಸೀಸ ಬೆರೆತ ಗಾಜಿನ ನಿಮ್ನಮಸೂರವನ್ನು ಜೋಡಿಸಿದರೆ, ಒಂದು ಹರಡಿದ ಬಣ್ಣವನ್ನು ಇನ್ನೊಂದು ಕೂಡಿಸುತ್ತದೆ. ಆದರೆ ಯಾವ ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ ಯಾರ ಬಳಿಯೂ ಸರಿಯಾಗಿರಲಿಲ್ಲ. ಕುಶಲಕರ್ಮಿಗಳು ಉಜ್ಜಿ ನೋಡುವುದು, ಸರಿಬರದಿದ್ದರೆ ಮತ್ತೆ ಉಜ್ಜುವುದು, ಹೀಗೆಯೇ ನಡೆದಿತ್ತು.

ಅಳೆಯುವುದಕ್ಕೆ ತೊಡಕೇನು? ಕಾಮನಬಿಲ್ಲನ್ನು ನೆನೆಯಿರಿ. ಕೆಂಪು ಎಲ್ಲಿ ಮುಗಿದು ಹಳದಿ ಎಲ್ಲಿ ಮೊದಲಾಯಿತೆಂದು ಬೊಟ್ಟು ಇಟ್ಟು ತೋರಿಸಬಲ್ಲಿರಾ? ಬಾಂದುಕಲ್ಲು ಇಲ್ಲದ ಹೊಲವನ್ನು ಅಳೆದಂತೆ. ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತವೆ.

ಫ್ರಾನ್‌ಹೋಫರನು ಈ ಬಾಂದುಕಲ್ಲುಗಳನ್ನು ಹುಡುಕಹೊರಟನು. ದೀಪದ ಜ್ವಾಲೆಯ ಬೆಳಕನ್ನು ಅಶ್ರಗದಲ್ಲಿ ಹಾಯಿಸಿದಾಗ ಕಿತ್ತಳೆ ಹಳದಿಗಳ ನಡುವೆ ಒಂದು ಹೊಳೆಯುವ ಗೆರೆ ಕಾಣುವುದನ್ನು ಅವನು ಗುರುತಿಸಿದ್ದನು. ಸೂರ್ಯನ ಬೆಳಕಿನಲ್ಲಿಯೂ ಅಂಥ ಗೆರೆಯಿದೆಯೋ ಎಂದು ನೋಡಲು 1814ರಲ್ಲಿ ಕೋಣೆಯನ್ನು ಕತ್ತಲೆ ಮಾಡಿ, ಕಿಟಕಿಯ ಬಾಗಿಲಲ್ಲಿ ಕಿರಿದಾದ ಸೀಳು ಬಿಟ್ಟು, 24 ಅಡಿ ದೂರದಲ್ಲಿ ಅಶ್ರಗವನ್ನಿಟ್ಟನು. ಅಶ್ರಗದ ಹಿಂದೆ ಥಿಯೋಡೊಲೈಟಿನ ದುರ್ಬೀನು. ಹಿಂದಿನವರು ಬಣ್ಣದ ಪಟ್ಟಿಯನ್ನು ಗೋಡೆಯ ಮೇಲೆ ಬೀಳಿಸಿ ನೋಡುತ್ತಿದ್ದರು. ಇವನು ಅದನ್ನೇ ಮೋಜಣಿಯ ದುರ್ಬೀನಿನಿಂದ ಗುರಿಹಿಡಿದು ನೋಡಿದನು. ಕಂಡದ್ದು ಹೊಳೆಯುವ ಗೆರೆಯಲ್ಲ. ಬಣ್ಣದ ಪಟ್ಟಿಯ ತುಂಬ ಲೆಕ್ಕವಿಲ್ಲದಷ್ಟು ಕಪ್ಪು ಗೆರೆಗಳು ನಿಂತಿದ್ದವು!

ಇಂಗ್ಲೆಂಡಿನ ವುಲಾಸ್ಟನ್ ಎಂಬವನು 1802ರಲ್ಲಿ ಇಂಥ ಕೆಲವು ಗೆರೆಗಳನ್ನು ಕಂಡು, ಅವು ಬಣ್ಣಗಳ ಎಲ್ಲೆಗಳಿರಬೇಕೆಂದು ಅಲ್ಲಿಗೇ ಬಿಟ್ಟಿದ್ದನು. ಫ್ರಾನ್‌ಹೋಫರನು ಬಿಡಲಿಲ್ಲ. ಸೀಳನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದನು, ಅಶ್ರಗವನ್ನು ಬದಲಿಸಿ ನೋಡಿದನು. ಗೆರೆಗಳು ತಮ್ಮ ಬಣ್ಣದ ತಾಣ ಬಿಟ್ಟು ಕದಲಲಿಲ್ಲ. ಆದುದರಿಂದ ಅವು ಉಪಕರಣದ ದೋಷವಲ್ಲ, ಸೂರ್ಯನ ಬೆಳಕಿನಲ್ಲಿಯೇ ಇರತಕ್ಕವು ಎಂದು ಗೊತ್ತಾಯಿತು. 574 ಗೆರೆಗಳನ್ನು ಎಣಿಸಿ ಮುಖ್ಯವಾದವುಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟನು. ಶುಕ್ರನ ಬೆಳಕಿನಲ್ಲಿಯೂ ಅವೇ ಗೆರೆಗಳು. ಲುಬ್ಧಕ ನಕ್ಷತ್ರದ ಬೆಳಕಿನಲ್ಲಿ ಮಾತ್ರ ಬೇರೆ ಗೆರೆಗಳು. ದೀಪದ ಆ ಹೊಳೆಯುವ ಗೆರೆ ಇದ್ದ ತಾಣದಲ್ಲಿಯೇ ಸೂರ್ಯನ ಕಪ್ಪು ಡಿ ಗೆರೆ ಇರುವುದನ್ನೂ ಅವನು ಗಮನಿಸಿ ಬರೆದಿಟ್ಟನು.

ಏಕೆ ಹೀಗೆ ಎಂಬ ಪ್ರಶ್ನೆಯ ಹಿಂದೆ ಅವನು ಬಹಳ ದೂರ ಹೋಗಲಿಲ್ಲ. ಅವನಿಗೆ ಬೇಕಾಗಿದ್ದ ಬಾಂದುಕಲ್ಲುಗಳು ಸಿಕ್ಕಿದ್ದವು. ಡಿ ಗೆರೆಯ ಬೆಳಕನ್ನು ಈ ಗಾಜು ಎಷ್ಟು ಬಾಗಿಸುತ್ತದೆ, ಎಫ್ ಗೆರೆಯದನ್ನು ಎಷ್ಟು ಎಂದು ದಶಮಾಂಶದ ಆರನೆಯ ಸ್ಥಾನದವರೆಗೆ ಅಳೆದನು. ಅಲ್ಲಿಂದ ಮುಂದೆ ಮಸೂರದ ಬಾಗನ್ನು ಕಾಗದದ ಮೇಲೆ ಗಣಿತದಿಂದ ನಿಶ್ಚಯಿಸಿ, ಆಮೇಲೆ ಉಜ್ಜುವ ಪದ್ಧತಿ ಬಂದಿತು. ಉಜ್ಜಿದ ಮೈ ಸರಿಯಾಗಿದೆಯೇ ಎಂಬುದನ್ನು ಮಾದರಿ ಗಾಜಿನ ಮೇಲಿಟ್ಟು, ನಡುವೆ ಮೂಡುವ ಬಣ್ಣದ ಉಂಗುರಗಳಿಂದ ಪರೀಕ್ಷಿಸುತ್ತಿದ್ದನು. ಉಂಗುರ ವಕ್ರವಾದರೆ ಮಸೂರವೂ ವಕ್ರ. ಇಂದಿಗೂ ಗಾಜಿನ ಕಂಪನಿಗಳ ಪಟ್ಟಿಯಲ್ಲಿ ಪ್ರತಿಯೊಂದು ಗಾಜಿನ ಗುಣವನ್ನು ಇಂಥ ನಿಶ್ಚಿತ ಗೆರೆಗಳಿಗೆ ಹೊಂದಿಸಿಯೇ ಬರೆಯುತ್ತಾರೆ.

ಈಗ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಎರಡು ದುರ್ಬೀನುಗಳನ್ನು ಹೋಲಿಸಬೇಕಾದರೆ ಬಂದೂಕು ಬೇಕಾಗಿಯೇ ಇಲ್ಲ. ಎರಡನ್ನೂ ಅಲುಗಾಡದ ಹಲಗೆಯ ಮೇಲೆ ಒಂದರ ಪಕ್ಕಕ್ಕೊಂದು ಬಿಗಿದು, ಒಂದೇ ಪಟ್ಟಿಗೆ ಹೊಂದಿಸಿ, ಒಂದೇ ಹೊತ್ತಿನಲ್ಲಿ ಒಂದೇ ವಸ್ತುವನ್ನು ನೋಡಬೇಕು. ನೂರು ಮೀಟರಿನ ಆಚೆ ವರ್ತಮಾನಪತ್ರಿಕೆಯ ತಲೆಬರಹವನ್ನು ಅಂಟಿಸಿರಿ. ಅಕ್ಷರವು ನಡುವೆ ಇದ್ದಾಗ ಹೇಗೆ ಕಾಣುತ್ತದೆ, ಅಂಚಿಗೆ ಸರಿಸಿದಾಗ ಹೇಗೆ ಕಾಣುತ್ತದೆ ನೋಡಿರಿ. ಬೇವಿನ ಟೊಂಗೆಯ ಬಣ್ಣದ ಸೆರಗನ್ನು ಆಗಲೇ ಹೇಳಿದ್ದೇನೆ. ಆಮೇಲೆ ಕಣ್ಣನ್ನು ತುಸು ಎಡಬಲಕ್ಕೆ ಆಡಿಸಿರಿ. ಒಳಗಿನ ಎಳೆಗಳು ಗುರಿಯ ಮೇಲೆ ಜಾರಾಡಿದರೆ ಗುರಿಯ ಬಿಂಬ ಎಳೆಗಳ ಸಮತಲದಲ್ಲಿ ಬಿದ್ದಿಲ್ಲ ಎಂದು ತಿಳಿಯಬೇಕು. ಕೆಲವಕ್ಕೆ ಇದನ್ನು ಸರಿಪಡಿಸುವ ತಿರುಗಣೆ ಇರುತ್ತದೆ, ಅಗ್ಗದವಕ್ಕೆ ಇರುವುದಿಲ್ಲ. ಕಡೆಗೆ, ಎಳೆಗಳನ್ನು ಮೇಲೆ ಕೆಳಗೆ ಸರಿಸುವ ಗುಂಡಿಯನ್ನು ಇಪ್ಪತ್ತು ಸಲ ಕಟ್ಟೆನಿಸಿ, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ತಿರುಗಿಸಿ ಹೊರಟಲ್ಲಿಗೇ ಬಂದಿತೇ ನೋಡಬೇಕು. ಸ್ಪರ್ಧಾಳುಗಳು ಹೆಚ್ಚು ಬೆಲೆ ಕೊಡುವುದು ಬಹುಮಟ್ಟಿಗೆ ಈ ಕಡೆಯ ಗುಣಕ್ಕಾಗಿ. ಚಿತ್ರ ಚೆಂದವಾಗಿ ಕಂಡು, ಗುಂಡಿಯು ಸುಳ್ಳು ಹೇಳಿದರೆ ಏನು ಬಂತು?

ಪಟ್ಟುಗಳ ಹುಚ್ಚು ಇನ್ನೊಂದು ತಪ್ಪು. ನಮ್ಮ ಜತ್ತ ಸೀಮೆಯ ಚೈತ್ರ ವೈಶಾಖದ ಮಧ್ಯಾಹ್ನ ನೆಲದಿಂದ ಬಿಸಿಗಾಳಿಯ ತೆರೆಗಳು ಏಳುತ್ತವೆ. ಇಪ್ಪತ್ತನಾಲ್ಕು ಪಟ್ಟಿನ ದುರ್ಬೀನು ಗುರಿಯನ್ನಷ್ಟೇ ಅಲ್ಲ, ಆ ತೆರೆಗಳನ್ನೂ ಇಪ್ಪತ್ತನಾಲ್ಕು ಪಟ್ಟು ದೊಡ್ಡದು ಮಾಡುತ್ತದೆ. ಅಂಥ ಹೊತ್ತಿನಲ್ಲಿ ಹತ್ತು ಪಟ್ಟಿನ ಒಳ್ಳೆಯ ದುರ್ಬೀನೇ ಮೇಲು.

ಇಲ್ಲಿ ಒಂದು ಮಾತನ್ನು ಹುಡುಗರ ಗಮನಕ್ಕೆ ತರಬೇಕು. ಒಲಿಂಪಿಕ್ ಪಂದ್ಯಗಳ ರೈಫಲ್ ಸ್ಪರ್ಧೆಗಳಲ್ಲಿ ಬಂದೂಕಿನ ಮೇಲೆ ದುರ್ಬೀನು ಕೂಡಿಸುವಂತಿಲ್ಲ. ಅಲ್ಲಿ ಕಣ್ಣಿನ ಬಳಿ ಸಣ್ಣ ತೂತಿನ ಬಿಲ್ಲೆ, ಮುಂದೆ ಉಂಗುರ, ಅಷ್ಟೇ. 10 ಮೀಟರು ಸ್ಪರ್ಧೆಯ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು. 50 ಮೀಟರಿನದು 10.4 ಮಿಲಿಮೀಟರು. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ ಕಂಚಿನ ಪದಕ ಗೆದ್ದದ್ದು ದುರ್ಬೀನಿಲ್ಲದ ಇಂಥ ರೈಫಲ್ಲಿನಿಂದಲೇ. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ 50 ಮೀಟರು ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಜಗತ್ತಿನ ಚಾಂಪಿಯನ್ ಆದರು. ಆ ಪಂದ್ಯ ನಡೆದ ಊರು ಮ್ಯೂನಿಕ್. ಫ್ರಾನ್‌ಹೋಫರನ ಮೇಲೆ ಮನೆ ಬಿದ್ದ ಊರೇ ಅದು. ದುರ್ಬೀನುಳ್ಳ ರೈಫಲ್ಲುಗಳಿಗೆ ಬೇರೆಯೇ ಸ್ಪರ್ಧೆಗಳಿವೆ. ಕೆಲವು ಸಾವಿರ ಗಜದವರೆಗೂ ಹೋಗುತ್ತವೆ.

ಮತ್ತೆ ಕಥೆಗೆ. ಕಪ್ಪು ಗೆರೆಗಳ ಪ್ರಬಂಧವು 1817ರಲ್ಲಿ ಅಚ್ಚಾಯಿತು. ಅದೇ ವರ್ಷ ಬವೇರಿಯಾದ ವಿದ್ವತ್ ಸಭೆ ಅವನನ್ನು ಹೊರಗಿನ ಸದಸ್ಯನನ್ನಾಗಿ ಮಾಡಿಕೊಂಡಿತು. ಪೂರ್ಣ ಸದಸ್ಯತ್ವದ ಮಾತು ಬಂದಾಗ ಕೆಲವರು ಅಡ್ಡಿ ಮಾಡಿದರು. ಇವನು ವಿದ್ವಾಂಸನಲ್ಲ, ಕೈಕೆಲಸದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ ಎಂಬುದು ಅವರ ಆಕ್ಷೇಪ. 1822ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಕೊಟ್ಟಿತು. 1823ರಲ್ಲಿ ಅವನು ವಿದ್ವತ್ ಸಭೆಯ ಭೌತಶಾಸ್ತ್ರ ಸಂಗ್ರಹಾಲಯದ ಅಧಿಕಾರಿಯೂ ಪ್ರಾಧ್ಯಾಪಕನೂ ಆದನು. 1824ರಲ್ಲಿ ಅರಸನು ಪದವಿ ಕೊಟ್ಟು ಅವನನ್ನು ಕುಲೀನರ ಸಾಲಿಗೆ ಸೇರಿಸಿದನು. ಮಣ್ಣಿನಡಿಯಿಂದ ತೆಗೆಸಿದ ಅರಸನೇ ಅವನು.

ಈ ನಡುವೆ ಇನ್ನೊಂದು ಕೆಲಸ ಆಗಿತ್ತು. ಎರಡು ನಯವಾದ ತಿರುಪುಗಳ ಹಲ್ಲುಗಳಲ್ಲಿ 260 ತೆಳುತಂತಿಗಳನ್ನು ಸಮನಾಗಿ ಬಿಗಿದು, ಆ ಜಾಳಿಗೆಯಿಂದ ಬೆಳಕನ್ನು ಹಾಯಿಸಿ, ಗೆರೆಗಳ ತರಂಗದ ಉದ್ದವನ್ನೇ 1821ರಲ್ಲಿ ಅಳೆದನು. ಡಿ ಗೆರೆಗೆ ಅವನು ಕೊಟ್ಟ ಬೆಲೆ ಇಂದಿನ ಬೆಲೆಗೆ ತೀರ ಹತ್ತಿರವಾಗಿದೆ.

ಅವನ ಕಾರ್ಖಾನೆಯ ಹೆಸರು ಯುರೋಪಿನ ತುಂಬ ಹರಡಿತು. ಗಾಜು ಮಾಡುವ ರೀತಿಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಪ್ರಸಿದ್ಧ ಖಗೋಲಜ್ಞ ಜಾನ್ ಹರ್ಷೆಲ್ 1824ರಲ್ಲಿ ಬವೇರಿಯಾಕ್ಕೆ ಹೋಗಿ ಅವನನ್ನು ಕಂಡನು. ಇಂಗ್ಲೆಂಡಿನಲ್ಲಿ ಅದಕ್ಕೆ ಸರಿದೊರೆಯಾದ ಗಾಜು ಮಾಡಬೇಕೆಂದು ರಾಯಲ್ ಸೊಸೈಟಿ ಒಂದು ಸಮಿತಿಯನ್ನೇ ನೇಮಿಸಿ, ಮೈಕೆಲ್ ಫ್ಯಾರಡೆಯನ್ನು ಭಟ್ಟಿಯ ಮುಂದೆ ಕೂಡಿಸಿತು. ಫ್ಯಾರಡೆಯೂ ಬಡ ಮನೆಯ ಹುಡುಗ, ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಚಾಕರಿ ಮಾಡಿ ಮೇಲೆ ಬಂದವನು. ಅವನು ವರ್ಷಗಟ್ಟಲೆ ದುಡಿದರೂ ಆ ಕೆಲಸ ಕೈಗೂಡಲಿಲ್ಲ. ಗುಟ್ಟಾಗಿಟ್ಟದ್ದು ಸರಿಯೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅಳತೆಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದವನು ಭಟ್ಟಿಯ ಬಾಗಿಲನ್ನು ಮಾತ್ರ ಮುಚ್ಚಿದ್ದನು. ಆದರೆ ಆ ಭಟ್ಟಿಯಿಂದ ಒಂದು ಹಳ್ಳಿಯ ಕೆಲಸಗಾರರ ಹೊಟ್ಟೆ ತುಂಬುತ್ತಿತ್ತು ಎಂಬುದನ್ನೂ ಮರೆಯಬಾರದು.

1824ರಲ್ಲಿ ಅವನ ಅತಿ ದೊಡ್ಡ ದುರ್ಬೀನು ಪೆಟ್ಟಿಗೆಗಳಲ್ಲಿ ತುಂಬಿ ಡೋರ್ಪಾಟ್ ಎಂಬ ಊರಿಗೆ ಹೋಯಿತು. ಅದು ಈಗ ಎಸ್ಟೋನಿಯಾ ದೇಶದ ಟಾರ್ಟು. ಮುಂದಿನ ಮಸೂರದ ಅಗಲ 244 ಮಿಲಿಮೀಟರು. ಬಂದೂಕಿನ ದುರ್ಬೀನಿನದಕ್ಕಿಂತ ಆರು ಪಟ್ಟು. ಉದ್ದ ನಾಲ್ಕು ಮೀಟರಿಗೂ ಮಿಕ್ಕಿ. ಇಳಿಬಿಟ್ಟ ತೂಕದಿಂದ ನಡೆಯುವ ಗಡಿಯಾರವೊಂದು ಅದನ್ನು ನಕ್ಷತ್ರದ ಜೊತೆಗೇ ಮೆಲ್ಲಗೆ ತಿರುಗಿಸುತ್ತಿತ್ತು. ಅಲ್ಲಿಯ ಸ್ಟ್ರೂವ್ ಎಂಬ ಖಗೋಲಜ್ಞನು ಅದರಿಂದ ಸುಮಾರು 1,20,000 ನಕ್ಷತ್ರಗಳನ್ನು ಪರೀಕ್ಷಿಸಿ 3,112 ಜೋಡಿ ನಕ್ಷತ್ರಗಳ ಪಟ್ಟಿಯನ್ನು 1827ರಲ್ಲಿ ಪ್ರಕಟಿಸಿದನು.

ಆ ಪಟ್ಟಿಯನ್ನು ನೋಡಲು ಫ್ರಾನ್‌ಹೋಫರ್ ಇರಲಿಲ್ಲ. ಬಾಲ್ಯದಿಂದಲೂ ಮೈ ಗಟ್ಟಿಯಿರಲಿಲ್ಲ. ಮೇಲೆ ವರ್ಷಗಟ್ಟಲೆ ಭಟ್ಟಿಯ ಬಿಸಿ, ಸೀಸದ ಹೊಗೆ. 1825ರಲ್ಲಿ ಹಾಸಿಗೆ ಹಿಡಿದನು. ಕ್ಷಯರೋಗ. 1826ನೆಯ ಜೂನ್ 7ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಆಗ ಅವನಿಗೆ 39 ವರ್ಷ. ಮದುವೆಯಾಗಿರಲಿಲ್ಲ. ಹದಿನೇಳು ದಿನಗಳ ಹಿಂದಷ್ಟೇ ರೈಖೆನ್‌ಬಾಖನೂ ತೀರಿಕೊಂಡಿದ್ದನು. ಇಬ್ಬರನ್ನೂ ಅಕ್ಕಪಕ್ಕದಲ್ಲಿ ಹೂಳಿದರು. ಅವನು ನಕ್ಷತ್ರಗಳನ್ನು ಹತ್ತಿರ ತಂದನೆಂಬ ಅರ್ಥದ ಎರಡು ಲ್ಯಾಟಿನ್ ಪದಗಳನ್ನು ಅವನ ಸಮಾಧಿಯ ಮೇಲೆ ಕೆತ್ತಿಸಿದರು.

ಹತ್ತಿರ ತಂದದ್ದು ಬರಿ ಅಲಂಕಾರದ ಮಾತಲ್ಲ. ಅವನು ಆರಂಭಿಸಿದ, ಅವನ ಸಾವಿನ ನಂತರ ಮುಗಿದ ಒಂದು ಉಪಕರಣವು ಕೋನಿಗ್ಸ್‌ಬೆರ್ಗಿಗೆ ಹೋಯಿತು. ಅದರಿಂದ ಬೆಸೆಲ್ ಎಂಬವನು 1838ರಲ್ಲಿ ಒಂದು ನಕ್ಷತ್ರದ ದೂರವನ್ನು ಮೊದಲ ಬಾರಿಗೆ ನಂಬುವಂತೆ ಅಳೆದನು. ಅವನು ಅಳೆದ ಕೋನ ಸುಮಾರು 0.31 ವಿಕಲೆ. ಬಂದೂಕಿನ ದುರ್ಬೀನಿನ ಗುಂಡಿಯನ್ನು ಒಂದು ಸಲ ಕಟ್ಟೆನಿಸಿದರೆ ಎಳೆ ಸರಿಯುವುದು ಸಾಮಾನ್ಯವಾಗಿ ಕಾಲು ಕಲೆ, ಅಂದರೆ 15 ವಿಕಲೆ. ನೂರು ಮೀಟರಿನಲ್ಲಿ ಸುಮಾರು 7 ಮಿಲಿಮೀಟರು. ಆ ಒಂದು ಕಟ್ಟನ್ನು 48 ಪಾಲು ಮಾಡಿದರೆ ಒಂದು ಪಾಲಿನಷ್ಟು ಬೆಸೆಲನ ಅಳತೆ! 1846ರಲ್ಲಿ ಬರ್ಲಿನ್ನಿನಲ್ಲಿ ನೆಪ್ಚೂನ್ ಗ್ರಹವನ್ನು ಕಂಡದ್ದೂ ಇದೇ ಕಾರ್ಖಾನೆಯ ದುರ್ಬೀನಿನಿಂದ.

ಕಪ್ಪು ಗೆರೆಗಳ ಗುಟ್ಟು ಬಿಡಿಸಿದವರು ಕಿರ್ಖಾಫ್ ಮತ್ತು ಬುನ್ಸೆನ್, 1859ರಲ್ಲಿ. ಸೂರ್ಯನ ಸುತ್ತಲಿನ ಅನಿಲದಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಬಣ್ಣವನ್ನು ಹೀರಿಕೊಂಡು ಆ ತಾಣವನ್ನು ಕಪ್ಪಾಗಿಸುತ್ತದೆ. ಡಿ ಗೆರೆ ಸೋಡಿಯಮ್ಮಿನದು. ನಮ್ಮ ಅಡಿಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ.

ಇದರ ಕೊನೆಯ ಒಂದು ಎಳೆ ನಮ್ಮ ಸೀಮೆಗೇ ಬಂದು ಮುಟ್ಟುತ್ತದೆ. 1868ನೆಯ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ನೆರಳಿನ ಹಾದಿ ಪಶ್ಚಿಮ ಕರಾವಳಿಯಿಂದ ಹೊರಟು ವಿಜಾಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರು, ಮಚಲೀಪಟ್ಟಣದ ಕಡೆಗೆ ಹೋಯಿತು. ಫ್ರಾನ್‌ಹೋಫರನ ಗೆರೆಗಳ ಉಪಕರಣವನ್ನು ಗ್ರಹಣದ ಸೂರ್ಯನಿಗೆ ಹಿಡಿದು ನೋಡಲು ರಾಯಲ್ ಸೊಸೈಟಿಯು ಜಮಖಂಡಿಗೆ ಕಳಿಸಿದ ಅಧಿಕಾರಿ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಬವೇರಿಯಾಕ್ಕೆ ಹೋಗಿ ಫ್ರಾನ್‌ಹೋಫರನನ್ನು ಕಂಡುಬಂದಿದ್ದ ಹರ್ಷೆಲನ ಮಗನು ಇವನು. ಶ್ರಾವಣದ ಮೋಡಗಳು ಬಹಳ ಕಾಡಿದವು. ಮೋಡ ಸರಿದ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗೆ ಎಳೆಗಳನ್ನು ಹೊಂದಿಸಿ ನೋಡಿದಾಗ, ಕಪ್ಪು ಗೆರೆಗಳ ಬದಲು ಕೆಂಪು, ಕಿತ್ತಳೆ, ನೀಲಿ ಬಣ್ಣದ ಹೊಳೆಯುವ ಗೆರೆಗಳು ಕಂಡವು. ಕಿತ್ತಳೆಯದು ಡಿ ಗೆರೆಯೇ ಇರಬೇಕೆಂದು ಅವನು ತಿಳಿದನು. ಅದು ಡಿ ಅಲ್ಲ, ಅದರ ಪಕ್ಕದ ಬೇರೆಯೇ ಗೆರೆ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರನು ಗುರುತಿಸಿದನು. ಅದರ ಧಾತುವಿಗೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಸಿಕ್ಕದ್ದು 1895ರಲ್ಲಿ. ವಿಜಾಪುರದಲ್ಲಿಯೂ ಅಂದು ಇನ್ನೊಂದು ತಂಡವು ದುರ್ಬೀನು ಹೂಡಿ ಕುಳಿತಿತ್ತು. ಸಂಖ, ಉಮದಿಗಳ ನಮ್ಮ ಅಜ್ಜಂದಿರ ಅಜ್ಜಂದಿರು ಆ ಮುಂಜಾನೆ ಹೊತ್ತೇರಿದ ಮೇಲೆ ಮತ್ತೆ ಕತ್ತಲಾದದ್ದನ್ನು ನೋಡಿ ಗ್ರಹಣದ ಸ್ನಾನಕ್ಕೆ ಹೊರಟಿರಬೇಕು. ಕೆಲವೇ ಹರದಾರಿ ತೆಂಕಣಕ್ಕೆ ಏನು ನಡೆದಿತ್ತೆಂಬುದು ಅವರಿಗೆ ತಿಳಿಯುವಂತಿರಲಿಲ್ಲ.

ಡೋರ್ಪಾಟಿನ ಆ ದೊಡ್ಡ ದುರ್ಬೀನು ಈಗಲೂ ಟಾರ್ಟುವಿನ ಹಳೆಯ ವೀಕ್ಷಣಾಲಯದಲ್ಲಿ, ನೋಡಬಂದವರಿಗೆ ಕಾಣುವಂತೆ ನಿಂತಿದೆ.